ಗಾರ್ಡ್ ಸಾಹೇಬರ ಖೋಲಿಯ ರೈಲು

ಕಟ್ಟೆಯ ಮೇಲೆ ಹೊಲಿಗೆ ಮಷೀನ್ ಇಟ್ಟುಕೊಂಡು ಕೂತವನಿಗೆ ನಾಟಕ ನೋಡಲು ಬೇರೆ ಕಡೆ ಹೋಗುವ ಗರಜೇ ಇಲ್ಲ. ಊರೇ ಎದುರಿಗೆ ಬಂದು ತನ್ನ ಪಾತ್ರ ಆಡಿ ಹೋಗುತ್ತದೆ. ನಮ್ಮ ಹುಮನಾಬಾದಿನಲ್ಲಂತೂ ಇಂಥವು ಆಗುತ್ತಲೇ ಇದ್ದವು, ನಾನು ಬಾಯಲ್ಲಿ ದಾರ ಕಚ್ಚಿಕೊಂಡು ನಗು ತಡೆಯುತ್ತಲೇ ಇದ್ದೆ.

ಅದು ನಿಜಾಮರ ಕಾಲ. ನನ್ನ ಕಟ್ಟೆ ಗಾರ್ಡ್ ಸಾಹೇಬರ ಮನೆಯದು. ಸಾಹೇಬರು ವಾಡಿ, ವಿಕಾರಾಬಾದ್ ಕಡೆ ರೈಲಿನಲ್ಲಿ ಗಾರ್ಡ್ ಆಗಿ ದುಡಿದು, ಪಿಂಚಣಿ ಪಡೆದು ಊರಿಗೆ ಬಂದವರು. ಹುಮನಾಬಾದಿಗೆ ಆಗ ರೈಲಿರಲಿಲ್ಲ. ರೈಲಿನ ಮುಖ ನೋಡಬೇಕೆಂದರೆ ಬೀದರಿಗೋ ಗುಲಬರ್ಗಾಕ್ಕೋ ಹೋಗಬೇಕು. ಇಂಥ ಊರಿನಲ್ಲಿ ಗಾರ್ಡ್ ಎಂದರೆ ಹೊಳೆಯಿಲ್ಲದ ಊರಿನ ಅಂಬಿಗನಿದ್ದಂತೆ. ಆದರೂ ಸಾಹೇಬರು ಸಂತೆಗೆ ಹೊರಟರೂ ಗಡಿಯಾರ ನೋಡಿ, ಸೀಟಿ ಊದಿಯೇ ಹೊಸ್ತಿಲು ದಾಟುವರು.

ಖೋಲಿ

ಸಾಹೇಬರು ನೌಕರಿ ಬಿಡುವಾಗ ಅವರ ಮೇಲಿನ ದೊರೆಯೊಬ್ಬ ಒಂದು ಆಟಿಕೆಯ ಇಂಜಿನ್ ಕಾಣಿಕೆ ಕೊಟ್ಟಿದ್ದ. ಗೇಣುದ್ದದ್ದು, ಕರಿಯದು. ಚಾವಿ ಕೊಟ್ಟರೆ ಹಳಿಯ ಮೇಲೆ ಗಿರ್ರೆಂದು ಓಡುತ್ತಿತ್ತು. ಒಂದು ದಿನ ಅವರು ಹೆಂಡತಿ, ನಮ್ಮ ಓಣಿಯವರೆಲ್ಲರ ಅವ್ವಾರ ಮುಂದೆ ನಿಂತು, "ಇದಕ್ಕ ಒಂದು ಖೋಲಿ ಬೇಕು" ಎಂದರು.

"ಖೋಲಿ ಯಾಕ್ರೀ? ಅದಕ್ಕೇನು ಲಗ್ನ ಮಾಡಾಕತ್ತೀರೇನು?" ಎಂದರು ಅವ್ವಾರು.

ಸಾಹೇಬರು ಬಿಡಿಸಿ ಹೇಳಿದರು. ಹುಮನಾಬಾದಿನಿಂದ ಲೈನು ಹಾಕಬೇಕು, ಹೊಲ, ಹಳ್ಳ, ಸೇತುವೆ ಎಲ್ಲ ಬರಬೇಕು, ದಿನಾ ಬಿಚ್ಚಿ ದಿನಾ ಕಟ್ಟುವ ಕೆಲಸವಲ್ಲ. ಅಡಿಗೆಮನೆಗೆ ಹತ್ತಿದ ಖೋಲಿಯಲ್ಲಿ ಜೋಳದ ಚೀಲ ಇದ್ದವು. ಅದರ ಮೇಲೆ ಅವರ ಕಣ್ಣು.

"ಎಲ್ಲಿತನಕ ಹೋಗ್ತದ ನಿಮ್ಮ ಲೈನು?"

"ಬೀದರತನಕ."

ಅವ್ವಾರ ಮುಖ ಗಂಟಿಕ್ಕಿತು. ಅವರ ತವರು ಕಲ್ಯಾಣಿ. ಈಗಿನ ಬಸವಕಲ್ಯಾಣಕ್ಕೆ ಆಗ ನಾವೆಲ್ಲ ಹಾಗೇ ಅನ್ನುತ್ತಿದ್ದೆವು. ಅಲ್ಲಿ ಅವರ ತಾಯಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ವರ್ಷಕ್ಕೊಮ್ಮೆ, ನಾಗರಪಂಚಮಿಗೆ, ಅವರ ತಮ್ಮ ಕಲ್ಯಾಣಿಯಿಂದ ಬಂಡಿ ಹೂಡಿಕೊಂಡು ಕರೆಯಲು ಬಂದಾಗಷ್ಟೇ ತಾಯಿ ಮಗಳ ಭೇಟಿ. ಈ ಪಂಚಮಿಗೆ ಹೋದರೆ ಅವ್ವ ನನ್ನ ಮುಖ ನೋಡ್ತಾಳ, ಮುಂದಿನ ಪಂಚಮಿಗೆ ದನಿ ಅಷ್ಟೇ ಕೇಳ್ತಾಳೋ ಏನೋ ಎಂದು ನನ್ನ ಮುಂದೆಯೇ ಒಮ್ಮೆ ಕಣ್ಣೊರೆಸಿಕೊಂಡಿದ್ದರು.

"ಜಗತ್ತಿನ ಮಂದೀನೆಲ್ಲಾ ರೈಲಾಗ ಕುಂಡ್ರಿಸಿ ಅವರವರ ಊರಿಗಿ ಮುಟ್ಟಿಸಿ ಬಂದ್ರಿ. ನನ್ನ ತವರಿಗಿ ಮಾತ್ರ ಇನ್ನಾ ಎತ್ತಿನ ಬಂಡಿ! ಖೋಲಿ ತಗೋರಿ. ಖರೆ, ಪಂಚಮಿ ಒಳಗ ನಿಮ್ಮ ರೈಲು ಕಲ್ಯಾಣಿ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಖೋಲಿ ಖಾಲಿ!"

ಸಾಹೇಬರು ಗಡಿಯಾರ ತೆಗೆದು ನೋಡಿ, "ಫಿಕರ್ ಮಾಡಬ್ಯಾಡ, ಲೇಟ್ ಆಗಂಗಿಲ್ಲ" ಎಂದರು.

"ಮಾತಾಡಬ್ಯಾಡ್ರಿ. ನೀವು ನಿಮ್ಮ ಲಗ್ನಕ್ಕೇ ಲೇಟಾಗಿ ಬಂದವರು."

ಡಬ್ಬಿ

ದೀಪಕ್ಕೆ ಹಾಕುವ ಘಾಸಲೇಟ್ ಎಣ್ಣೆಯ ಡಬ್ಬಗಳನ್ನು ಕತ್ತರಿಸಿ ಹಳಿ ಮಾಡಿಸಿದರು. ನಾನು ಕೆಂಪು, ಹಸಿರು ನಿಶಾನೆ ಹೊಲಿದುಕೊಟ್ಟೆ. ಸ್ಟೇಷನ್ ಹೆಸರುಗಳನ್ನು ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಹೊಲಿದು ಬರೆದೆ. ಆದರೆ ಇಂಜಿನ್ನಿನ ಹಿಂದೆ ಜೋಡಿಸಲು ಏನೂ ಇರಲಿಲ್ಲ. ನಮ್ಮ ಕಡೆ ರೈಲಿನ ಬೋಗಿಗೂ ಡಬ್ಬಿ ಅನ್ನುತ್ತಾರೆ, ಅಡಿಗೆಮನೆಯ ಡಬ್ಬಿಗೂ ಡಬ್ಬಿಯೇ. ಎಡವಟ್ಟಾದದ್ದು ಇಲ್ಲೇ.

"ನಾಕು ಡಬ್ಬಿ ಬೇಕಾಗ್ಯಾವ" ಎಂದು ಸಾಹೇಬರು ಕೇಳಿದಾಗ ಅವ್ವಾರು ರೊಟ್ಟಿ ಬಡಿಯುತ್ತಿದ್ದರು. ಮನಸ್ಸು ಹಂಚಿನ ಮೇಲೆ. "ಬೇಕಾದ್ರ ಜೋಡಿಸ್ಕೋರಿ, ನನ್ನ ಯಾಕ ಕೇಳ್ತೀರಿ" ಅಂದುಬಿಟ್ಟರು. ಸಾಹೇಬರು ಗೋಡೆಯ ಮಾಡದಲ್ಲಿದ್ದ ಸಾಸಿವೆ, ಜೀರಿಗೆ, ಅರಿಷಿಣ, ಅಜವಾನದ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ಗಾಲಿ ಹಾಕಿಸಿಕೊಂಡು ಬಂದರು. ಒಳಗಿನ ಮಾಲು ತೆಗೆಯಲಿಲ್ಲ. ತೂಕ ಇಲ್ಲದಿದ್ದರೆ ಡಬ್ಬಿ ಹಳಿ ಬಿಡುತ್ತದಂತೆ.

ಸಂಜೆ ಒಗ್ಗರಣೆಗೆ ಎಣ್ಣೆ ಕಾಯಿತು, ಸಾಸಿವೆ ಇಲ್ಲ. ಅವ್ವಾರು ಸೌಟು ಹಿಡಿದು ಖೋಲಿಯ ಬಾಗಿಲಿಗೆ ಬಂದರು. ಸಾಹೇಬರು ಕೆಂಪು ನಿಶಾನೆ ಅಡ್ಡ ಹಿಡಿದು, "ನಿಂದರು! ಗಾಡಿ ರಾಜೇಶ್ವರದಾಗ ಅದ, ವಾಪಸ್ ಬರಲಿ" ಎಂದರು. ಬೈಗುಳ ಕಟ್ಟೆಯತನಕ ಕೇಳಿಸಿತು, ಡಬ್ಬಿ ಮಾತ್ರ ತಿರುಗಿ ಮಾಡಕ್ಕೇರಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಚಿಟಗುಪ್ಪದ ಬೀಗರು ಊಟಕ್ಕೆ ಕೂತು, "ಯಾಕ್ರೀ ಅವ್ವಾರ, ಬ್ಯಾಳಿ ಇನ್ನಾ ಬರಲಿಲ್ಲ?" ಎಂದರೆ ಅವ್ವಾರು ಒಳಗಿನಿಂದಲೇ ಹೇಳುವರು:

"ಸಾಸಿವಿ ಗಾಡಿ ಲೇಟ್ ಅದ್ರೀ!"

ರಾಜೇಶ್ವರದ ಹೊಲ

ರಾಜೇಶ್ವರದ ರೈತರೊಬ್ಬರು ಅಂಗಿಯ ಅಳತೆ ಕೊಡಲು ಬಂದರು. ಒಳಗೆ ಗಿರ್ರೆನ್ನುವ ಸಪ್ಪಳ ಕೇಳಿ ಇಣುಕಿದರು. ಸಾಹೇಬರು ಮರಳು, ಹೊಟ್ಟು ಹರಡಿ ಹಾದಿಯುದ್ದಕ್ಕೂ ಹೊಲ ಮಾಡಿದ್ದರು. ಬಾವಿ ಇದ್ದಲ್ಲಿ ಬಾವಿ, ಬೇವಿನ ಗಿಡ ಇದ್ದಲ್ಲಿ ಬೇವಿನ ಕಡ್ಡಿ. ರೈತರು ತಮ್ಮ ಬಾವಿ ಗುರುತು ಹಿಡಿದರು. ಅದರ ಬಾಜೂಕ್ಕೇ ಹಳಿ! ಸರಕಾರ ರೈಲು ತರುವ ಮೊದಲು ಸಾಹೇಬರ ಕೈಯಿಂದ ನಕಾಶೆ ಮಾಡಿಸುತ್ತಿದೆ ಎಂದೇ ಅವರಿಗೆ ಖಾತ್ರಿಯಾಯಿತು.

ಮರುದಿನ ಒಂದು ತಂಬಿಗೆ ತುಪ್ಪ ತಂದು ಕೈಮುಗಿದರು. "ಮೆಹರಬಾನಿ ಮಾಡ್ರಿ ಸಾಹೇಬ್ರ. ಹಿರೇರ ಕಾಲದ ಹೊಲ ಅದ. ಲೈನು ಚೂರು ಆಕಡಿ ಸರಸ್ರಿ."

ಇದು ಆಟಿಕೆ ಎಂದು ಸಾಹೇಬರು ಎಷ್ಟು ಹೇಳಿದರೂ, ದೊಡ್ಡವರು ಹೀಗೇ ಅನ್ನುತ್ತಾರೆಂದು ರೈತರು ಏಳಲೇ ಇಲ್ಲ. ಕಡೆಗೆ ಸಾಹೇಬರು ತುಪ್ಪದ ತಂಬಿಗೆ ತಿರುಗಿ ಅವರ ಕೈಗೆ ಕೊಟ್ಟು, ಹಳಿಯನ್ನು ಒಂದು ಗೇಣು ಸರಿಸಿದರು. ಅದು ಬದುವಿನಾಚೆ ಮಗ್ಗುಲ ಹೊಲದವನ ಪಾಲಾಯಿತು.

ಒಂದು ಸಂತೆ ಕಳೆಯುವುದರೊಳಗೆ ಅದೇ ರೈತರು ಓಡುತ್ತ ಬಂದರು. "ಸಾಹೇಬ್ರ, ಲೈನು ಮೊದಲಿನ ಜಾಗಾಕ್ಕ ಹಾಕ್ರಿ!"

"ಯಾಕ? ಏನಾತು?"

"ರೈಲು ಬರೂ ಹೊಲದವನಂತ ಅವನ ಹಾಪ್, ತಲಿ ಕೆಟ್ಟ ಮಗಗ ಹೆಣ್ಣು ಕೊಡಾಕ ಮಂದಿ ಬರಾಕತ್ಯಾರ್ರೀ. ನನ್ನ ಮಗ ಕುಂತ ಮನಿಯಾಗೇ ಕುಂತಾನ!"

ಕೂಸು

ಮುಡಬಿಯ ಮುದುಕಿಯೊಬ್ಬಳು ರೈಲು ನೋಡಬೇಕೆಂದು ಬಂದಳು. ಹುಟ್ಟಿದಾಗಿಂದ ನೋಡಿಲ್ಲ, ಸಾಯುವುದರೊಳಗೆ ಒಮ್ಮೆ ನೋಡುತ್ತೇನೆಂದು ಹಟ. ನಾನೇ ಒಳಗೆ ಕರೆದುಕೊಂಡು ಹೋದೆ. ಇಂಜಿನ್ ಅವಳ ಮುಂದೆ ಎರಡು ಸಲ ಓಡಾಡಿತು. ಅವಳು ಬಗ್ಗಿ ಅದರ ಬೆನ್ನು ಸವರಿ, ತಲೆಯ ಎರಡೂ ಬದಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

"ಹ್ಯಾಂಗ ಅದ ಆಯಿ?" ಎಂದೆ.

"ಚಂದ ಅದ ಯಪ್ಪಾ. ಖರೆ ಇನ್ನಾ ಕೂಸು ಅದ. ಈಗಿಂದ ಓಡಸಬ್ಯಾಡ್ರಿ ಪಾಪ, ಕಾಲು ಸೊಟ್ಟ ಆಗ್ತಾವ."

ಪಂಚಮಿ

ಈಗ ಸಾಹೇಬರೂ ಇಲ್ಲ, ಅವ್ವಾರೂ ಇಲ್ಲ. ನನ್ನ ಮಷೀನ್ ಕೂಡ ಮೂಲೆ ಸೇರಿದೆ. ಆದರೂ ಆ ಓಣಿಯಲ್ಲಿ ಹಾಯ್ದು ಬಂದರೆ ಆ ವರ್ಷದ ಪಂಚಮಿ ನೆನಪಾಗಿ ಒಬ್ಬನೇ ನಗುತ್ತೇನೆ, ನಗುವಾಗ ಎದೆ ಭಾರವೂ ಆಗುತ್ತದೆ.

ಶ್ರಾವಣ ಬಂತು. ಹಳಿ ರಾಜೇಶ್ವರಕ್ಕೆ ಮುಟ್ಟಿ ನಿಂತಿತ್ತು. ಮುಂದೆ ಗೋಡೆ, ಖೋಲಿ ಮುಗಿದಿತ್ತು. ಸಾಹೇಬರು ಹುಮನಾಬಾದಿನಿಂದ ಹರದಾರಿಗೆ ಇಷ್ಟು ಗೇಣು ಎಂದು ಅಳತೆ ಹಿಡಿದು ಬಂದವರು. "ಒಂದು ಮಡಿಕಿ ಹಾಕಿ ಸಣ್ಣದು ಮಾಡ್ರಿ" ಎಂದು ನಾನು ಹೇಳಿದರೆ, "ನೀ ಅಂಗಿ ಮಡಿಚ್ತಿ, ಹಾದಿ ಮಡಚಾಕ ಬರಂಗಿಲ್ಲ" ಎಂದು ಗದರಿದರು.

ಅತ್ತ ಮಳೆ ಹಿಡಿದಿತ್ತು. ಕಲ್ಯಾಣಿಯ ಹಾದಿಯ ಎರೆಮಣ್ಣು ಎತ್ತಿನ ಮೊಣಕಾಲಿಗೆ ಬಂದಿದೆ ಎಂದು ಸುದ್ದಿ. ಅವ್ವಾರ ತಮ್ಮ ಬರುವ ದಿನ ಬಂದು ಹೋಯಿತು, ಬಂಡಿ ಬರಲಿಲ್ಲ. ಅವ್ವಾರು ಹಬ್ಬದ ಉಂಡಿ ಕಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ. ಸಾಸಿವೆ ಗಾಡಿ ತಡವಾದರೂ ಸುಮ್ಮನಿದ್ದರು. ಆ ಮೌನ ಸಾಹೇಬರಿಗೆ ತಡೆಯಲಾಗಲಿಲ್ಲ. "ಖೋಲಿ ಹೋದ್ರ ಹೋಗಲಿ, ಆಕಿ ಮುಖ ನೋಡಾಕ ಆಗವಲ್ದು" ಎಂದು ನನಗೊಂದು ಹಾರೆ ಕೊಟ್ಟರು.

ಮಣ್ಣಿನ ಗೋಡೆ, ಮೊಳ ದಪ್ಪ. ಪಂಚಮಿಯ ಮಧ್ಯಾಹ್ನದ ಹೊತ್ತಿಗೆ ತೂತು ಅಡಿಗೆಮನೆಯ ಉಪ್ಪಿನ ಗೂಡಿನಲ್ಲಿ ಹೊರಬಿತ್ತು. ಆಚೆ ಒಂದು ಹಲಗೆ ಹೊಡೆದು, ಹಳಿ ಹಾಸಿ, ನಾನು ದಾರದಲ್ಲಿ ಬರೆದ 'ಕಲ್ಯಾಣಿ' ಎಂಬ ಬಟ್ಟೆಯನ್ನು ಹಿತ್ತಲ ಬಾಗಿಲ ಪಕ್ಕದಲ್ಲಿ ತೂಗುಹಾಕಿದೆವು. ಸಾಹೇಬರು ಹಳೇ ಕರಿಕೋಟು ಹಾಕಿಕೊಂಡು, ಹಸಿರು ನಿಶಾನೆ ತೋರಿಸಿ ಸೀಟಿ ಊದಿದರು. ಇಂಜಿನ್ ಹೊರಟಿತು, ಗೋಡೆಯೊಳಗೆ ಹೊಕ್ಕಿತು, ಅಲ್ಲೇ ಚಾವಿ ಮುಗಿದು ನಿಂತಿತು.

ಅವ್ವಾರೇ ಎದ್ದು ಖೋಲಿಗೆ ಬಂದು, ಊದುಗೊಳವೆಯಿಂದ ಹಿಂದಿನಿಂದ ಮೆಲ್ಲಗೆ ನೂಕಿದರು. "ತವರಿನ ಹಾದಿ ಯಾವತ್ತು ಸೀದಾ ಇತ್ತು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಚೆ ಕಡೆ ಇಂಜಿನ್ ಮೂತಿ ಕಾಣಿಸಿತು. ಸಾಹೇಬರು ಅಡಿಗೆಮನೆಗೆ ಓಡಿಹೋಗಿ, "ಕಲ್ಯಾಣಿ! ಕಲ್ಯಾಣಿ!" ಎಂದು ಕೂಗಿದರು.

ಅವ್ವಾರು ಹಿಂದೆಯೇ ಬಂದು ಆ ಹೆಸರಿನ ಮುಂದೆ ನಿಂತರು. ಕಣ್ಣು ತುಂಬಿದವು. "ಗಾಡಿ ಮುಟ್ಟಿತ್ರಿ. ಖೋಲಿ ನಿಮ್ಮದೇ" ಎಂದರು. ಸೆರಗಿನಿಂದ ಕಣ್ಣೊರೆಸಿ, "ಆದ್ರ ಕರಿಯಾಕ ಯಾರು ಬಂದಾರ? ಕರೀಲಾರದ ತವರಿಗಿ ಹ್ಯಾಂಗ ಹೋಗ್ಲಿ?" ಎಂದರು.

ಸಾಹೇಬರ ಕೈಯ ಹಸಿರು ನಿಶಾನೆ ಕೆಳಗಿಳಿಯಿತು.

ಆಗಲೇ ಯಾರೋ ಹಿತ್ತಲ ಬಾಗಿಲು ಧಡಧಡ ಬಡಿದರು. ತೆಗೆದರೆ ತಮ್ಮ! ಸೊಂಟದ ತನಕ ಕೆಸರು, ತಲೆಯ ಮೇಲೆ ತಾಯಿ ಕಟ್ಟಿಕೊಟ್ಟ ಉಂಡಿಯ ಗಂಟು. ಕೆಸರುಗಾಲಲ್ಲಿ ಪಡಸಾಲೆ ತುಳಿಯಬಾರದೆಂದು ಹಿಂದಿನಿಂದ ಬಂದಿದ್ದ.

"ಕರಿಯಾಕ ಬಂದೀನಿ ಅಕ್ಕಾ. ಬಂಡಿ ರಾಜೇಶ್ವರದಾಗ ಸಿಕ್ಕೊಂಡು ನಿಂತದ. ಅಲ್ಲಿಂದ ನಡಕೋತ ಬಂದೆ. ನಾಳಿಗಿ ಬಂಡಿ ಎಬ್ಬಿಸಿ ಹೋಗೋಣು, ಅವ್ವ ಹಾದಿ ಕಾಯಾಕತ್ಯಾಳ."

"ನಮ್ಮದೂ ಅಲ್ಲೇ ನಿಂತಿತ್ತಪಾ" ಎನ್ನುತ್ತ ಸಾಹೇಬರು ಹಸಿರು ನಿಶಾನೆಯನ್ನು ತಲೆಯ ಮೇಲಕ್ಕೆ ಎತ್ತಿದರು. ಅವ್ವಾರು ತಮ್ಮನ ಕೆಸರು ಕೈ ಎರಡೂ ಹಿಡಿದುಕೊಂಡರು, ಬಿಡಲೇ ಇಲ್ಲ.

ಅವನು ಉಸ್ಸೆಂದು ಗೋಡೆಗೆ ಒರಗಿ ಕೂತ. ಮುಖದ ನೀರು ಒರೆಸಿಕೊಂಡು ತಲೆ ಎತ್ತಿದರೆ ಎದುರಿಗೇ ನನ್ನ ಕೆಂಪು ದಾರದ ಅಕ್ಷರ. ಒಂದೊಂದೇ ಕೂಡಿಸಿ ಓದಿದ. "ಕ... ಲ್ಯಾ... ಣಿ." ಮತ್ತೊಮ್ಮೆ ಓದಿದ. ಉಂಡಿಯ ಗಂಟನ್ನು ನಿಧಾನವಾಗಿ ನೆಲಕ್ಕಿಟ್ಟ.

"ಅಕ್ಕಾ, ನಸುಕಿನ್ಯಾಗ ಬಿಟ್ಟೀನಿ... ಇನ್ನಾ ನಮ್ಮೂರೇ ದಾಟಿಲ್ಲೇನು?"