ಅಂಚೆಯವನು ಎದ್ದು ಕುಣಿದ ಸಿನಿಮಾ

"ಈ ಊರಿನವರಿಗೆ ಬುದ್ಧಿ ಕಲಿಸದಿದ್ದರೆ ನನ್ನ ಹೆಸರು ಷಡಕ್ಷರಪ್ಪನೇ ಅಲ್ಲ!"

ದುರ್ಗಿಗುಡಿಯ ಆ ಮನೆಯ ಹಾಲ್‌ನಲ್ಲಿ ಈ ಭೀಷ್ಮಪ್ರತಿಜ್ಞೆ ಮೊಳಗಿದಾಗ ಅವರ ಹೆಂಡತಿ ಜಯಶೀಲಾ ಹುರುಳಿಕಾಯಿ ನಾರು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ಊರಿನವರಿಗೆ? ಶಿವಮೊಗ್ಗದವರಿಗೋ, ಭದ್ರಾವತಿಯವರಿಗೋ?"

"ಇಬ್ಬರಿಗೂ!"

"ಸರಿ. ಊಟ ಮಾಡಿ ಕಲಿಸಿ."

ಸಿಟ್ಟಿಗೆ ಕಾರಣವಿತ್ತು. ಅವರ ನಲವತ್ತು ವರ್ಷದ ಗೆಳೆಯ, ಭದ್ರಾವತಿಯ ಶಿವರಾಮ, ತೀರಿಕೊಂಡು ಎರಡು ತಿಂಗಳಾಗಿತ್ತು. ಬೆಳಿಗ್ಗೆ "ಸಂಜೆ ಫೋನ್ ಮಾಡ್ತೀನಿ ಮೇಷ್ಟ್ರೇ" ಎಂದವನು ಮಧ್ಯಾಹ್ನವೇ ಹೊರಟುಬಿಟ್ಟಿದ್ದ. ಒಂದು ಮಾತಿಲ್ಲ, ಕತೆಯಿಲ್ಲ. ಇದೆಂಥ ಪದ್ಧತಿ? ಷಡಕ್ಷರಪ್ಪ ಅವತ್ತು ಅಳಲಿಲ್ಲ, ಸಿಟ್ಟಾದರು. ಅವತ್ತಿನಿಂದ ಆ ಸಿಟ್ಟು ಇಳಿದೇ ಇರಲಿಲ್ಲ. ಹಾಲಿನವನ ಮೇಲೆ ಸಿಟ್ಟು, ಪೇಪರಿನವನ ಮೇಲೆ ಸಿಟ್ಟು, ಗಾಂಧಿ ಬಜಾರಿನಲ್ಲಿ ಅಡ್ಡಡ್ಡ ನಿಲ್ಲಿಸಿದ ಸ್ಕೂಟರುಗಳ ಮೇಲೆ ಸಿಟ್ಟು. ಸಂಜೆ ಫೋನು ಯಾರದ್ದೇ ಬರಲಿ, ಅವರ ಮೇಲೂ ಸಿಟ್ಟು. ಬಂದದ್ದು ಶಿವರಾಮನದಲ್ಲವಲ್ಲ!

ಆ ಸಿಟ್ಟಿಗೆ ತುಪ್ಪ ಸುರಿದದ್ದು ಭದ್ರಾವತಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆ. ಒಬ್ಬರಾದ ಮೇಲೊಬ್ಬರು ಎದ್ದು ನಿಂತು ಹೇಳಿದ್ದು ಒಂದೇ. "ದೇವರಂಥ ಮನುಷ್ಯ. ನಮ್ಮನೆ ಮಿಕ್ಸಿ ಮೂರು ಸಲ ರಿಪೇರಿ ಮಾಡಿಕೊಟ್ಟಿದ್ರು." "ಬಂಗಾರದಂಥ ಮನುಷ್ಯ. ಅಂಥ ಎಲೆಕ್ಟ್ರಿಷಿಯನ್ ಇನ್ನು ಹುಟ್ಟಲ್ಲ." ಸಿನಿಮಾದ ಬಗ್ಗೆ ಒಬ್ಬರೂ ಒಂದಕ್ಷರ ಎತ್ತಲಿಲ್ಲ!

ಶಿವರಾಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಆಗಿದ್ದದ್ದು ಹೊಟ್ಟೆಪಾಡಿಗೆ. ಎರಡನೇ ಶನಿವಾರ ಸಂಜೆ ಮಾತ್ರ ಅವನು ಚಕ್ರವರ್ತಿ. ಕಾರ್ಖಾನೆಯ ಕ್ಲಬ್ಬಿನ ಹಾಲ್‌ನಲ್ಲಿ ಚಿತ್ರ ಸಮಾಜದ ಹದಿನಾರು ಎಂಎಂ ಪ್ರೊಜೆಕ್ಟರ್ ನಡೆಸುವವನು ಅವನೇ. ಜಪಾನು, ಇಟಲಿ, ಪೋಲೆಂಡು, ಸ್ವೀಡನ್ನುಗಳ ಸಿನಿಮಾಗಳು ತಗಡಿನ ಡಬ್ಬಿಗಳಲ್ಲಿ, ಬಸ್ಸಿನ ಟಾಪಿನ ಮೇಲೆ, ಕೋಳಿಬುಟ್ಟಿಗಳ ಪಕ್ಕ ಕೂತು ಭದ್ರಾವತಿಗೆ ದಯಮಾಡಿಸುತ್ತಿದ್ದವು. ಶಿವಮೊಗ್ಗದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಷಡಕ್ಷರಪ್ಪ ಪಾಠ ಮುಗಿಸಿ ಬಸ್ಸಿನಲ್ಲಿ ಜೋತಾಡಿಕೊಂಡು ಅಲ್ಲಿಗೆ ಓಡುತ್ತಿದ್ದರು.

ಆ ಸಿನಿಮಾಗಳಲ್ಲಿ ಬಣ್ಣವಿರಲಿಲ್ಲ, ಬೇಕೂ ಇರಲಿಲ್ಲ. ಯುದ್ಧದಲ್ಲಿ ಕುಸಿದ ಊರುಗಳ ಜನ ಎದ್ದು, ಮೈಮೇಲಿನ ಧೂಳು ಕೊಡವಿಕೊಂಡು, ಕ್ಯಾಮೆರಾ ಹಿಡಿದು ತೆಗೆದ ಸಿನಿಮಾಗಳು. ಒಬ್ಬ ಮುದುಕಿ ಆಲೂಗಡ್ಡೆ ಸುಲಿಯುತ್ತಾಳೆ ಎಂದರೆ ಸುಲಿಯುತ್ತಲೇ ಇರುತ್ತಾಳೆ. ಕ್ಯಾಮೆರಾಕ್ಕೆ ಅವಸರವಿಲ್ಲ, ಅದು ಕಾಯುತ್ತದೆ. ನಾಲ್ಕನೇ ಆಲೂಗಡ್ಡೆಯ ಹೊತ್ತಿಗೆ, ಆಕೆಯ ಮಗ ಯುದ್ಧದಿಂದ ವಾಪಸು ಬರಲಿಲ್ಲ ಎನ್ನುವುದು ಯಾರೂ ಹೇಳದೆ ನೋಡುವವರಿಗೆ ತಿಳಿದಿರುತ್ತದೆ. ಕುಲುಮೆಯ ಮುಂದೆ ಎಂಟು ಗಂಟೆ ಬೆಂದು ಬಂದ ಕೆಲಸಗಾರರು ಬೀಡಿ ಹಚ್ಚುವುದನ್ನೂ ಮರೆತು ಕೂತಿರುತ್ತಿದ್ದರು.

ಅವುಗಳಲ್ಲೆಲ್ಲ ಷಡಕ್ಷರಪ್ಪನವರ ಪ್ರಾಣ ಒಂದರ ಮೇಲೆ. ಚೆಕೊಸ್ಲೊವಾಕಿಯಾದ ಒಬ್ಬ ಅಂಚೆಯವನ ಕತೆ. ಆ ದೇಶವೇ ಈಗಿಲ್ಲ! ಬೆಟ್ಟದ ಹಳ್ಳಿ, ಅಂಚೆಯವನು, ಅವನ ಹೆಂಡತಿ, ಅವನೊಂದು ಮೊಂಡು ಹೇಸರಗತ್ತೆ. ಮೊದಲ ರೀಲಿನಲ್ಲಿ ಮನೆಮನೆಗೆ ಕಾಗದ ಹಂಚುತ್ತಾನೆ. ಎರಡನೆಯದರಲ್ಲಿ ಹಿಮಕ್ಕೆ ಸಿಕ್ಕಿ ಸಾಯುತ್ತಾನೆ. ಕತ್ತೆಯೊಂದೇ ಮನೆಗೆ ಬರುತ್ತದೆ. ಹಿಮದ ಮೇಲೆ ಅರಿಯದ ಭಾಷೆಯ ಒಂದು ಪದ ಮೂಡುತ್ತದೆ. ದೀಪ ಹತ್ತುತ್ತದೆ, ಶಿವರಾಮ ಮೂರನೇ ಡಬ್ಬಿ ತೆಗೆದು ಹಾಕುತ್ತಾನೆ. ಆಗ ನೋಡಿ, ಬೇಸಿಗೆಯ ಬಿಸಿಲು! ಅಂಚೆಯವನು ಮೀಸೆ ತಿರುವುತ್ತ ಮಗಳ ಮದುವೆಯಲ್ಲಿ ಕುಣಿಯುತ್ತಿದ್ದಾನೆ! ಕುಣಿಯುತ್ತ ಕುಣಿಯುತ್ತ, ಕೈಯಲ್ಲಿನ ಲೋಟ ಮೇಲೆತ್ತಿದ ಕ್ಷಣದಲ್ಲಿ ಸಿನಿಮಾ ಫಕ್ಕನೆ ನಿಂತುಹೋಗುತ್ತದೆ.

"ಉಳಿದವರು ಸಾವನ್ನು ಕೊನೆಗೆ ಇಡುತ್ತಾರೆ. ಈ ಮಹಾನುಭಾವ ಸಾವನ್ನು ನಡುವೆ ಇಟ್ಟು, ಕೊನೆಗೆ ಬದುಕನ್ನಿಟ್ಟ!" ಎಂದು ಷಡಕ್ಷರಪ್ಪ ಇಪ್ಪತ್ತೆರಡು ಪುಟಗಳ ಲೇಖನ ಬರೆದರು. ಹಿಮದ ಮೇಲಿನ ಆ ಪದವನ್ನು "ಪುನರುತ್ಥಾನ" ಎಂದು ಅನುವಾದಿಸಿ, ಅದಕ್ಕೊಂದು ಪುಟದ ಅಡಿಟಿಪ್ಪಣಿ ಹಾಕಿದರು. ಸೆಮಿನಾರುಗಳಲ್ಲಿ ಓದಿದರು. ಕುಂಸಿಯ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲೂ ಅದನ್ನೇ ಹೇಳಿ ಮಕ್ಕಳನ್ನು ಸಾಮೂಹಿಕವಾಗಿ ಮಲಗಿಸಿದರು.

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಶಿವರಾಮನ ಹೆಂಡತಿ ಸುಬ್ಬಲಕ್ಷ್ಮಿ ಮೂಲೆಯಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಷಡಕ್ಷರಪ್ಪ ಹೋಗಿ, "ಸುಬ್ಬಲಕ್ಷ್ಮಮ್ಮ, ಶಿವರಾಮ ತೋರಿಸಿದ ಅಂಚೆಯವನ ಸಿನಿಮಾ ನಿಮಗೆ ತೋರಿಸ್ತೀನಿ. ಅದರಲ್ಲಿ ಸತ್ತವನು ವಾಪಸ್ ಬರ್ತಾನೆ. ನಿಮಗೆ ಸಮಾಧಾನ ಆಗುತ್ತೆ. ಇದು ನನ್ನ ಮಾತು" ಎಂದುಬಿಟ್ಟರು. ಆ ಕಾಲದಲ್ಲಿ ಮಕ್ಕಳನ್ನು ಸುಧಾರಿಸುತ್ತ ಒಂದು ಶನಿವಾರವೂ ಕ್ಲಬ್ಬಿನ ಕಡೆ ತಲೆಹಾಕದ ಆಕೆ ಸುಮ್ಮನೆ ತಲೆಯಾಡಿಸಿದ್ದರು.

ಸರಿ, ಭಾನುವಾರ ನಾಲ್ಕು ಗಂಟೆಗೆ ದುರ್ಗಿಗುಡಿಯ ಮನೆಯಲ್ಲೇ ಮುಹೂರ್ತ. ಸಿನಿಮಾವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಹಿಡಿದದ್ದು ಜಯಶೀಲಾ. ಟಿವಿಗೆ ಮೊಬೈಲ್ ಜೋಡಿಸಿದ್ದೂ ಅವರೇ. ಷಡಕ್ಷರಪ್ಪನವರ ಪಾಲಿನ ಕೆಲಸ ಕತ್ತಲೆ ಮಾಡುವುದು. ಅದನ್ನವರು ಎಷ್ಟು ನಿಷ್ಠೆಯಿಂದ ಮಾಡಿದರೆಂದರೆ ಕಿಟಕಿಗಳಿಗೆ ಹೆಂಡತಿಯ ಎಂಟು ರೇಷ್ಮೆ ಸೀರೆ ಬಿಗಿದರು. ಬಾಗಿಲಿಗೆ ಜಮಖಾನ ಹೊದಿಸಿದರು.

"ರೀ, ಅದು ನನ್ನ ಮದುವೆ ಸೀರೆ!"

"ಒಳ್ಳೇದಾಯ್ತು. ದಪ್ಪ ಇದೆ."

ಫ್ಯಾನ್ ಹಾಕಿದರೆ ಸೀರೆ ಹಾರಿ ಬೆಳಕು ನುಗ್ಗುತ್ತದೆ ಎಂದು ಫ್ಯಾನೂ ಬಂದ್. ಏಪ್ರಿಲ್ ತಿಂಗಳು. ಚಿತ್ರ ಸಮಾಜದ ಅಳಿದುಳಿದ ಹನ್ನೊಂದು ಜನ ಸದಸ್ಯರು ಬೆವರಿನಲ್ಲಿ ಅದ್ದಿಕೊಂಡು ಕೂತರು. ಹಳೆಯ ಕಾರ್ಯದರ್ಶಿ ದೇವರಾಜ್ ಟವೆಲ್ಲಿನಿಂದ ಬೀಸಿಕೊಳ್ಳುತ್ತ, "ಷಡಕ್ಷರಿ, ಶಿವರಾಮನ ಹಿಂದೆ ನಮ್ಮನ್ನೂ ಕಳಿಸೋ ಪ್ಲಾನಾ ಮಾರಾಯ?" ಎಂದರು. ಸುಬ್ಬಲಕ್ಷ್ಮಿ ಮುಂದಿನ ಕುರ್ಚಿಯಲ್ಲಿ ಕೂತರು.

ಸಿನಿಮಾ ಶುರುವಾಯಿತು. ಆಹಾ, ಗಾಜಿನ ಹಾಗೆ ತಿಳಿಯಾದ ಚಿತ್ರ! ಹಿಂದೆ ಗೀರುಗಳ ಮಳೆಯಲ್ಲಿ ನೋಡಿದ್ದ ಬೆಟ್ಟದ ಒಂದೊಂದು ಕಲ್ಲೂ ಈಗ ಎಣಿಸಬಹುದು. ಅಂಚೆಯವನು ಬಂದ, ಕತ್ತೆ ಬಂತು, ಕಾಗದ ಹಂಚಿದ್ದಾಯಿತು. ಷಡಕ್ಷರಪ್ಪ ಮುಂದೆ ಬಾಗಿ ಸುಬ್ಬಲಕ್ಷ್ಮಿಗೆ, "ಈಗ ಹಿಮ ಬರುತ್ತೆ. ಹೆದರಬೇಡಿ" ಎಂದು ಪಿಸುಗುಟ್ಟಿದರು.

ಬಂದದ್ದು ಮದುವೆ.

"ಏ! ಏ ಜಯಾ! ಏನು ಒತ್ತಿದೆ? ಮದುವೆ ಈಗಲೇ ಬಂತಲ್ಲ!"

"ನಾನೇನೂ ಒತ್ತಿಲ್ಲ. ತಾನಾಗೇ ಬಂತು."

"ಅವನು ಮೊದಲು ಸಾಯಬೇಕು!"

"ಬರ್ಲಿ ಬಿಡ್ರಿ. ಮೊದಲು ಮದುವೆ, ಆಮೇಲೆ ಸಾವು. ಎಲ್ಲರ ಮನೇಲೂ ಹಂಗೇ ಅಲ್ವಾ?"

ಹನ್ನೊಂದು ಜನ ಕಿಸಕ್ಕನೆ ನಕ್ಕರು. ಷಡಕ್ಷರಪ್ಪನವರ ಕಿವಿ ಕೆಂಪಾಯಿತು. ಮೂರ್ಖರು, ಯಾರೋ ಕೂತು ತಿರುಚಿದ್ದಾರೆ ಎಂದುಕೊಂಡರು. ಕುಣಿತ ನಡೆಯಿತು, ಲೋಟ ಮೇಲೆದ್ದಿತು. ಸಿನಿಮಾ ಫಕ್ಕನೆ ನಿಲ್ಲಬೇಕಾದ ಜಾಗ! ನಿಲ್ಲಲಿಲ್ಲ. ಅಂಚೆಯವನು ಲೋಟ ಬಾಯಿಗಿಟ್ಟು ನೀಟಾಗಿ ಕುಡಿದು, ಮೀಸೆ ಒರೆಸಿಕೊಂಡು, ಬೀಗರ ಹತ್ತಿರ ವರದಕ್ಷಿಣೆಯ ಜಗಳ ತೆಗೆದ. ನಲವತ್ತು ವರ್ಷ ಷಡಕ್ಷರಪ್ಪ ಅನಂತಕಾಲಕ್ಕೆ ಎತ್ತಿಹಿಡಿದಿದ್ದ ಲೋಟ!

ಆಮೇಲೆ ಹಿಮ ಬಿತ್ತು. ಅಂಚೆಯವನು ಸತ್ತ. ಕತ್ತೆಯೊಂದೇ ಮನೆಗೆ ಬಂತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಖಾಲಿ ಚೀಲವನ್ನು ನೋಡಿದಳು. ಹಿಮದ ಮೇಲೆ ಆ ಪದ ಮೂಡಿತು. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. ದೇವರಾಜ್ ಜೋರಾಗಿ ಓದಿದರು: "ದಿ ಎಂಡ್."

ಷಡಕ್ಷರಪ್ಪನವರ ಬೆವರು ತಣ್ಣಗಾಯಿತು. ಪುನರುತ್ಥಾನ, ಅಡಿಟಿಪ್ಪಣಿ ಹಾಳಾಗಿ ಹೋಗಲಿ. ಗಂಡ ಹೋಗಿ ಎರಡು ತಿಂಗಳಾದ ಹೆಣ್ಣುಮಗಳನ್ನು ಭದ್ರಾವತಿಯಿಂದ ಕರೆಸಿ, ಕತ್ತಲೆಯಲ್ಲಿ ಕೂರಿಸಿ, ಗಂಡ ಸಾಯುವುದನ್ನು ತೋರಿಸಿದ್ದರು! ಸಮಾಧಾನದ ಮಾತು ಕೊಟ್ಟು!

"ಯಾರೂ ಏಳಬೇಡಿ! ಮುಗಿದಿಲ್ಲ! ಇನ್ನೂ ಇದೆ, ಅವನು ಬರ್ತಾನೆ!" ಎಂದು ಟಿವಿಯ ಮುಂದೆ ಕೈ ಅಡ್ಡ ಹಿಡಿದು ನಿಂತರು.

ಇನ್ನೂ ಇತ್ತು, ನಿಜ. ಐದು ಸೆಕೆಂಡಿಗೆ ಮುಂದಿನ ವಿಡಿಯೊ ತಾನಾಗಿಯೇ ಶುರುವಾಯಿತು. ಬೆಟ್ಟ, ಹಿಮ, ಕತ್ತೆ ಎಲ್ಲ ಮಾಯವಾಗಿ, ನಗುನಗುತ್ತ ಒಬ್ಬ ಹೆಂಗಸು ಪ್ರತ್ಯಕ್ಷಳಾದಳು. "ನಮಸ್ಕಾರ ಸ್ನೇಹಿತರೇ, ನಾಟಿ ಕೋಳಿ ಸಾರಿಗೆ ಮೊದಲು ಕೋಳೀನ ಹೀಗೆ ಕತ್ತರಿಸ್ಕೋಬೇಕು!" ಲಿಂಗಪೂಜೆ ಇಲ್ಲದೆ ನೀರು ಮುಟ್ಟದ ಮನೆ! ಷಡಕ್ಷರಪ್ಪ ರಿಮೋಟಿಗೆ ಹಾರಿದರು. ನಿಲ್ಲಿಸಲು ಒತ್ತಿದ ಗುಂಡಿ ದನಿ ಹೆಚ್ಚಿಸುವ ಗುಂಡಿ. ಬೀದಿಗೆಲ್ಲ ಕೇಳುವಂತೆ ಕೋಳಿ ಕತ್ತರಿಸಲಾಯಿತು. ಗಾಬರಿಯಲ್ಲಿ ಹಿಂದೆ ಸರಿದವರು ಸೀರೆ ಹಿಡಿದು ಜೋತುಬಿದ್ದರು. ಒಂದರ ಹಿಂದೊಂದು ಎಂಟೂ ರೇಷ್ಮೆ ಸೀರೆಗಳು ಕಳಚಿ ಅವರ ತಲೆಯ ಮೇಲೆ ಬಿದ್ದವು.

ಜಯಶೀಲಾ ಟಿವಿಯ ಪ್ಲಗ್ ಕಿತ್ತರು. ಮದುವೆ ಸೀರೆಯ ಒಳಗಿಂದ ಷಡಕ್ಷರಪ್ಪನವರ ಗರ್ಜನೆ ಬಂತು.

"ಮೋಸ! ಸಿನಿಮಾ ಕೆಡಿಸಿದಾರೆ! ಆ ದೇಶದವರಿಗೆ ಕಾಗದ ಬರೀತೀನಿ!"

"ಆ ದೇಶ ಇಲ್ಲ ಮಾರಾಯ," ಎಂದರು ದೇವರಾಜ್.

ಆಗ ಕೇಳಿಸಿತು ಒಂದು ನಗು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ. ಎರಡು ತಿಂಗಳಿಂದ ತುಟಿ ಬಿಚ್ಚದ ಸುಬ್ಬಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಮೇಷ್ಟ್ರೇ, ಅವರದ್ದು ಸರಿ ಇದೆ. ಕೆಡಿಸಿದ್ದು ನಮ್ಮನೆಯೋರು!"

ಸುಬ್ಬಲಕ್ಷ್ಮಿ ನಗು ತಡೆದುಕೊಂಡು ಮುಂದುವರಿಸಿದರು.

"ನಮಗಿಂತ ಮುಂಚೆ ತೋರಿಸಿದ ಊರಿನೋರು ಎರಡನೇ ರೀಲನ್ನ ಮೂರನೇ ಡಬ್ಬಿಗೆ, ಮೂರನೇದನ್ನ ಎರಡನೇ ಡಬ್ಬಿಗೆ ಹಾಕಿ ಕಳ್ಸಿದ್ರಂತೆ. ಮರುದಿನ ಬೆಳಿಗ್ಗೆ ಸುತ್ತಿಡುವಾಗ ಇವರಿಗೆ ಗೊತ್ತಾಯ್ತು. 'ಮೇಷ್ಟ್ರಿಗೆ ಹೇಳಿ ಬರ್ತೀನಿ' ಅಂತ ಇಲ್ಲಿಗೆ ಓಡಿ ಬಂದ್ರು. ನೀವು ಆಗಲೇ ಹದಿನಾಲ್ಕು ಪುಟ ಬರೆದಿದ್ರಂತಲ್ಲ. ಪೂರ್ತಿ ಓದಿ ಕೇಳಿಸಿದ್ರಂತೆ. ಇವರು ಕಾಫಿ ಕುಡಿದು ಹಂಗೇ ವಾಪಸ್ ಬಂದ್ರು."

"ಹೌದ್ರೀ!" ಜಯಶೀಲಾಗೆ ನೆನಪಾಯಿತು. "ಪಾಪ, ಏನೋ ಹೇಳ್ಬೇಕು ಅಂತ ಮೂರು ಸಲ ಬಾಯಿ ತೆಗೆದ್ರು. ನೀವೆಲ್ಲಿ ಬಿಟ್ರಿ?"

"ಸರಿ, ಒಂದು ಸಲ ತಪ್ಪಾಯ್ತು," ಎಂದು ಷಡಕ್ಷರಪ್ಪ ಸೀರೆಯಿಂದ ತಲೆ ಹೊರಗೆ ತಂದರು.

"ಒಂದು ಸಲ ಎಲ್ಲಿ ಮೇಷ್ಟ್ರೇ? ಆಮೇಲೆ ಬಂದ ಸಿನಿಮಾ ನೆಟ್ಟಗಿತ್ತು. ನೀವು 'ಸಪ್ಪೆ, ಡೈರೆಕ್ಟರಿಗೆ ಧೈರ್ಯ ಇಲ್ಲ' ಅಂತ ಮುಖ ಊದಿಸ್ಕೊಂಡು ಹೋದೋರು ಎರಡು ತಿಂಗಳು ಭದ್ರಾವತಿ ಕಡೆ ಬರಲಿಲ್ಲ. ಇವರಿಗೆ ತಡೀಲಿಲ್ಲ. ಮುಂದಿನದನ್ನ ಬೇಕಂತಲೇ ಹಿಂದುಮುಂದು ಹಾಕಿದ್ರು."

"ಯಾವುದದು? ಜಪಾನಿಂದಾ? ಇಟಲೀದಾ?"

"ಹೆಸರು ನಂಗೆಲ್ಲಿ ಗೊತ್ತು? ಯಾವುದನ್ನ ನೋಡಿ ನೀವು ಕುಣಿದಾಡಿ, ಕೊನೇ ಬಸ್ ಬಿಟ್ಟು, ನಮ್ಮನೇಲೇ ಉಳ್ಕೊಂಡ್ರೋ, ಅದೆಲ್ಲ ಇವರು ಜೋಡಿಸಿದ್ದು. 'ಮೇಷ್ಟ್ರು ಇವತ್ತು ಉಳ್ಕೋತಾರೆ, ಎರಡು ಲೋಟ ಅಕ್ಕಿ ಜಾಸ್ತಿ ಹಾಕು' ಅಂತ ನಂಗೆ ಮೊದಲೇ ಹೇಳಿ ಹೋಗೋರು."

ಷಡಕ್ಷರಪ್ಪ ಮನಸ್ಸಿನಲ್ಲೇ ಎಣಿಸಿದರು. ಬಸ್ಸು ತಪ್ಪಿದ್ದು ಒಂಬತ್ತು ಸಲ. ಒಂಬತ್ತು ಮಹಾಕೃತಿಗಳು. ಒಂಬತ್ತು ಲೇಖನಗಳು.

ದೇವರಾಜ್ ಟವೆಲ್ ಕೆಳಗಿಟ್ಟರು. "ಅಂದ್ರೆ ಮಾರಾಯ, ನೀನು ಇಷ್ಟು ವರ್ಷ ಹೊಗಳಿದ ವಿಶ್ವ ಸಿನಿಮಾ ಎಲ್ಲ ಭದ್ರಾವತೀಲೇ ತಯಾರಾಗಿದ್ದು!"

ಎರಡು ತಿಂಗಳ ಸಿಟ್ಟು ಆಗ ಕಟ್ಟೆಯೊಡೆಯಿತು. ಹಾಲಿನವನು, ಪೇಪರಿನವನು, ಸ್ಕೂಟರಿನವರು ಎಲ್ಲ ಪಾರಾದರು. ಸಿಟ್ಟು ಕೊನೆಗೂ ಸೇರಬೇಕಾದ ವಿಳಾಸಕ್ಕೇ ಹೋಯಿತು.

"ಕಳ್ಳ! ನಯವಂಚಕ! ಎದುರಿಗೆ ಕೂತು 'ಹೌದು ಮೇಷ್ಟ್ರೇ, ಎಂಥ ಡೈರೆಕ್ಟರ್ ಮೇಷ್ಟ್ರೇ' ಅಂತ ತಲೆ ಆಡಿಸ್ತಿದ್ದೆಯಲ್ಲೋ! ಬೆಳಗಿನ ತನಕ ನನ್ನ ಮಾತು ಕೇಳಿ, ಒಳಗೊಳಗೇ ನಗ್ತಿದ್ದೆಯೇನೋ! ಹೇಳಿದ್ರೆ ನಾನು ಬರದೇ ಇರ್ತಿದ್ನಾ? ಸಿನಿಮಾ ನೋಡೋಕೆ ಬರ್ತಿದ್ದೆ ಅಂದ್ಕೊಂಡಿದ್ದೆಯಾ, ದಡ್ಡ ಮುಂಡೇದೇ? ಸಂಜೆ ಫೋನ್ ಮಾಡ್ತೀನಿ ಅಂದೆ! ಅದೂ ಸುಳ್ಳು! ಸುಳ್ಳ! ಶುದ್ಧ ಸುಳ್ಳ!"

ಜಯಶೀಲಾ ಓಡಿಬಂದು ತೋಳು ಹಿಡಿದರು. "ರೀ, ಸತ್ತೋರನ್ನ ಹೀಗೆಲ್ಲ ಬೈಬಾರ್ದು. ಅದೂ ಅವರ ಹೆಂಡ್ತಿ ಎದುರಿಗೇ!"

"ಬೈಲಿ ಬಿಡಿ ಅಕ್ಕಾ," ಎಂದರು ಸುಬ್ಬಲಕ್ಷ್ಮಿ. ನಗುತ್ತಿದ್ದ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡರು. "ಎರಡು ತಿಂಗಳಿಂದ ಬಂದೋರೆಲ್ಲ ದೇವರು, ಬಂಗಾರ ಅಂತಾರೆ. ಯಾರ ವಿಷಯ ಹೇಳ್ತಿದಾರೆ ಅಂತಲೇ ನಂಗೆ ತಿಳೀತಿರಲಿಲ್ಲ. ಇವತ್ತೊಬ್ಬರು ನಮ್ಮನೆಯೋರ ವಿಷಯ ಮಾತಾಡಿದ್ರು."

ಆಮೇಲೆ ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು ಕೂತರು.

"ಮೇಷ್ಟ್ರೇ, ಆ 'ನಯವಂಚಕ' ಅಂದ್ರಲ್ಲ, ಅಲ್ಲಿಂದ ಇನ್ನೊಂದು ಸಲ ಬೈರಿ."

ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಷಡಕ್ಷರಪ್ಪನವರ ಸಿಟ್ಟಿಗೆ ಒನ್ಸ್ ಮೋರ್ ಬಿದ್ದದ್ದು ಅದೇ ಮೊದಲು!