ಬಿಳಿ ಪೈಜಾಮ ಮತ್ತು ನನ್ನ ಬಿ.ಪಿ.

ನನ್ನ ಸಿಟ್ಟನ್ನು ಪಿತ್ರಾರ್ಜಿತ ಆಸ್ತಿಯೆಂದು ಐವತ್ತು ವರ್ಷ ಜೋಪಾನ ಮಾಡಿಕೊಂಡು ಬಂದವನು ನಾನು. ಸಂಡೂರು ರಸ್ತೆಯ ವೇಬ್ರಿಜ್ಜಿನಲ್ಲಿ ಗುಮಾಸ್ತ. ಹಗಲೆಲ್ಲ ಅದಿರು ಲಾರಿಗಳನ್ನು ತೂಗುತ್ತ ಡ್ರೈವರುಗಳ ಜೊತೆ ಜಗಳ, ಸಂಜೆ ಮಿರ್ಚಿ ಮಂಡಕ್ಕಿ. ಹೀಗಿರುವಾಗ ಬಿ.ಪಿ. ಏರದೆ ಇನ್ನೇನಾದೀತು! ಹೊಸಪೇಟೆಯ ನಮ್ಮ ಡಾಕ್ಟರು ತೋಳಿಗೆ ಸುತ್ತಿದ ಪಟ್ಟಿ ಬಿಚ್ಚುತ್ತ, "ಉಪ್ಪು, ಕರಿದದ್ದು ಕಡಿಮಿ ಮಾಡ್ರಿ, ದಿನಾ ನಡೀರಿ. ಮೂರು ತಿಂಗಳು ನೋಡೂಣು. ಇಳೀಲಿಲ್ಲಂದ್ರ ಗುಳಿಗಿ ಶುರು ಮಾಡ್ಬೇಕಾಗ್ತೈತಿ" ಎಂದರು.

ಗಾಬರಿಯಾದದ್ದು ನನ್ನ ಹೆಂಡತಿ ಪಾರ್ವತಿಗೆ. ಕಂಪ್ಲಿಯಲ್ಲಿ ರೈಸ್‌ಮಿಲ್ ನಡೆಸುತ್ತಿದ್ದ ಅವಳ ಅಪ್ಪ ಇದೇ ಬಿ.ಪಿ.ಯನ್ನು ಉಡಾಫೆ ಮಾಡಿ, ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದರು. ಅವತ್ತೇ ನಮ್ಮ ಉಪ್ಪಿನ ಡಬ್ಬಿ ದೇವರ ಗೂಡು ಸೇರಿತು. ಸ್ನಾನ ಮಾಡದೆ ಅದನ್ನು ಮುಟ್ಟುವಂತಿಲ್ಲ. ನನ್ನ ಸೋಮಾರಿತನವನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ ಹೇಳಿ!

ಇನ್ನು ನಡಿಗೆ. ಸಂಡೂರು ರಸ್ತೆಯಲ್ಲಿ ಅರ್ಧ ಗಂಟೆ ನಡೆದರೆ ಬಿಳಿ ಪೈಜಾಮ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಪಾರ್ವತಿ ಬಾಗಿಲಲ್ಲೇ ಬಣ್ಣ ನೋಡಿ, "ಇವತ್ತು ಭಾಳ ದೂರ ಹೋಗಿದ್ರಿ" ಎಂದು ಮಜ್ಜಿಗೆ ಕೊಡುತ್ತಿದ್ದಳು. ವಾರ ಕಳೆಯುವಷ್ಟರಲ್ಲಿ ನನಗೊಂದು ಸತ್ಯ ಹೊಳೆಯಿತು: ಧೂಳು ಬೀಳಲು ನಾನು ನಡೆಯಲೇಬೇಕೆಂದಿಲ್ಲ! ತಿರುವಿನ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಮಿರ್ಚಿ ತಿನ್ನುತ್ತ ಕುಳಿತರೆ ಸಾಕು, ಮಿಕ್ಕ ಕೆಲಸ ಲಾರಿಗಳದ್ದು.

ಎಂಟು ದಿನ ಆರಾಮವಾಗಿ ನಡೆಯಿತು. ಒಂಬತ್ತನೆಯ ದಿನ ಪಾರ್ವತಿ, "ಸ್ವಲ್ಪ ಹಿಂದಕ ತಿರುಗ್ರಿ" ಎಂದಳು. ತಿರುಗಿದೆ.

"ಮೈಯೆಲ್ಲ ಕೆಂಪಾಗೇತಿ, ಕುಂದ್ರೋ ಜಾಗ ಮಾತ್ರ ಬೆಳ್ಳಗ ಐತಿ. ಅದೊಂದನ್ನ ಮನ್ಯಾಗ ಬಿಟ್ಟು ಹೋಗಿದ್ರೇನು?"

ರೇಗಾಡಲು ಬಾಯಿ ತೆರೆದೆ. ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. "ನಮ್ಮಪ್ಪನೂ ಹಿಂಗ ಎಲ್ಲಾರ ಕಣ್ಣಿಗೆ ಮಣ್ಣೆರಚಿದ್ರು. ಕಡೀಕ ನನ್ನ ಹೆಸರು ಹಿಡದು ಕರಿಯಾಕೂ ಬಾಯಿ ಬರಲಿಲ್ಲ ಅವರಿಗೆ." ತೆರೆದ ಬಾಯಿ ಮುಚ್ಚಿಕೊಂಡೆ. ನಿಜಕ್ಕೂ ನಾಚಿಕೆಯಾಯಿತು.

ಮರುದಿನದಿಂದ ಅವಳೂ ಹೊರಟಳು. ಮಂಡಿನೋವಿದ್ದರೂ ಕಾಲುವೆಯವರೆಗೆ ನಡೆದು, ನಾನು ಹಿಂದೆ ಬಿದ್ದರೆ ನಿಂತು ಕಾಯುತ್ತಿದ್ದಳು. ಮೂರು ತಿಂಗಳಾದ ಮೇಲೆ ಡಾಕ್ಟರು ಪಟ್ಟಿಯನ್ನು ಎರಡು ಸಲ ಸುತ್ತಿ ನೋಡಿದರು. "ಇಳದೈತ್ರಿ! ಸದ್ಯ ಗುಳಿಗಿ ಬ್ಯಾಡ. ತಿಂಗಳಿಗೊಮ್ಮೆ ಬಂದು ತೋರಿಸ್ರಿ."

ಆ ಖುಷಿಯಲ್ಲಿ ಇಬ್ಬರೂ ನಡೆದು ಬರುವಾಗ, ನಾನು ಸಿಕ್ಕಿಬಿದ್ದ ಸುದ್ದಿ ಕೇಳಿ ಮಿರ್ಚಿ ಅಂಗಡಿಯವ ಅಂದದ್ದು ನೆನಪಾಗಿ ನಗುತ್ತ ಪಾರ್ವತಿಗೆ ಹೇಳಿದೆ: "ನಿಂತು ತಿಂದಿದ್ರ ಸಿಕ್ಕಿ ಬೀಳತಿದ್ದಿಲ್ಲ ಬಿಡ್ರಿ ಸಾರ್, ಅಂತಾನ ಅವ."

"ನಿಂತು ತಿಂದ್ರೂ ಎಣ್ಣಿ ಕೈ ಪೈಜಾಮಕ್ಕ ಒರಸತಿದ್ದಿರಿ. ಮೊದಲನೇ ದಿನಾನ ಒಗಿಯುವಾಗ ನೋಡೀನಿ."

"ಮತ್ತ ಎಂಟು ದಿನ ಯಾಕ ಸುಮ್ಮನಿದ್ದಿ?"

"ನೀವಾಗೇ ಹೇಳ್ತೀರೇನೋ ಅಂತ ಕಾದೆ."

ಸುಳ್ಳು ಹೇಳುವ ಡ್ರೈವರನ್ನು ಮುಖ ನೋಡಿಯೇ ಹಿಡಿಯುತ್ತೇನೆಂದು ವೇಬ್ರಿಜ್ಜಿನಲ್ಲಿ ಬೀಗುವವನು ನಾನು. ಅವತ್ತು ಮನೆ ಮುಟ್ಟುವವರೆಗೂ ಅವಳಿಗೆ ನನ್ನ ಮುಖ ಕಾಣದಂತೆ ಎರಡು ಹೆಜ್ಜೆ ಹಿಂದೆಯೇ ನಡೆದೆ. ಅವಳು ಎಂದಿನಂತೆ ನಿಂತು ಕಾದಳು.