ಪಟೇಲರು ಮ್ಯೂಸಿಯಂ ನೋಡಿದ್ದು

ನಮ್ಮ ಪಟೇಲರ ಜೊತೆ ಊರು ಬಿಟ್ಟು ಹೊರಟಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತಿತ್ತು.

ಐವತ್ತರ ದಶಕದಲ್ಲಿ ನಾನು ಹೆಗ್ಗಡದೇವನಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಶಾಲೆಗೆ ಕಟ್ಟಡ ಇರಲಿಲ್ಲ. ಪಟೇಲರು ತಮ್ಮ ಮನೆಯ ಜಗುಲಿಯನ್ನೇ ಬಿಟ್ಟುಕೊಟ್ಟಿದ್ದರು. ಮಕ್ಕಳ ಗಲಾಟೆಗೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಅವರ ಹೆಂಡತಿಗೆ, ನಾನು ಅವ್ವ ಅನ್ನುತ್ತಿದ್ದೆ, ಸಮುದ್ರ ನೋಡುವ ಆಸೆ. ಬಸ್ಸಿನ ಬೋರ್ಡು ಓದುವುದಕ್ಕೆ ಒಬ್ಬರು ಬೇಕು ಅಂತ ಪಟೇಲರು ನನ್ನನ್ನೂ ಕರೆದುಕೊಂಡು ಹೊರಟರು. ಸಮುದ್ರ ನೋಡಿದ್ದಾಯಿತು. ವಾಪಸು ಬಸ್ಸಿಗೆ ಇನ್ನೂ ಅರ್ಧ ದಿನ ಇತ್ತು. ಕರಾವಳಿಯ ಆ ಊರಿನಲ್ಲೊಂದು ಸಣ್ಣ ಮ್ಯೂಸಿಯಂ ಇದೆಯೆಂದು ತಿಳಿದು ಇಬ್ಬರನ್ನೂ ಅಲ್ಲಿಗೆ ಕರೆದೊಯ್ದೆ.

ತೀರ್ಥ

ಬಾಗಿಲಲ್ಲೇ ಮೂಗು ಮುರಿದ ಕಲ್ಲಿನ ವಿಗ್ರಹ. ಪಟೇಲರು ಕೆರ ಕಳಚಿ ಕೈಮುಗಿದರು. ಮ್ಯೂಸಿಯಂ ನೋಡಿಕೊಳ್ಳುವ ಯಜಮಾನರು, ಬಿಳಿಗೂದಲಿನ ಕನ್ನಡಕದವರು, ಹೊರಗೆ ಬಂದರು. ಪಟೇಲರು ಅವರನ್ನು ಅರ್ಚಕರೆಂದುಕೊಂಡು ತೀರ್ಥಕ್ಕೆ ಬಲಗೈ ಒಡ್ಡಿದರು.

ನಾನು ಏನಾದರೂ ಹೇಳುವ ಮೊದಲೇ ಯಜಮಾನರು ಒಳಗಿಂದ ಹೂಜಿ ತಂದು ಮೂರು ಸಲ ಆ ಕೈ ತುಂಬಿಸಿದರು. "ಬಿಸಿಲಿಗೆ ಬಂದಿದ್ದೀರಿ, ಕುಡಿಯಿರಿ" ಅಂದರು.

ಪಟೇಲರು ಕುಡಿದು ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. "ಬೋ ಒಳ್ಳೆ ದೇವಸ್ಥಾನ ಕಣ್ರೀ ಮೇಷ್ಟ್ರೆ. ನಮ್ಮೂರಲ್ಲಿ ಒಂದುದ್ಧರಣೆ ಕೊಡಾಕೇ ಜೀವ ಬುಡ್ತಾರೆ."

ದವಡೆ

ಒಳಗೆ ಬಾಗಿಲಷ್ಟು ಎತ್ತರದ ಮೂಳೆ ನಿಲ್ಲಿಸಿದ್ದರು.

"ತಿಮಿಂಗಿಲದ ದವಡೆ, ತಾಯಿ" ಅಂದರು ಯಜಮಾನರು.

"ಇದನ್ನ ತಿಂತೀರಾ?" ಅವ್ವ ಕೇಳಿದರು.

"ಇಲ್ಲಮ್ಮ. ಸತ್ತು ದಡಕ್ಕೆ ಬಂದದ್ದು."

"ಸದ್ಯ. ಬೇಯ್ಸೋ ಎಂಗಸರ ಗತಿ ಏನು ಅಂತ ಕೇಳ್ದೆ."

ವಾದ್ಯ

ಕೊನೆಯ ಕೋಣೆಯಲ್ಲಿ ಒಂದು ಮರದ ಬಟ್ಟಲು. ಅದರ ತಳದ ತೂತುಗಳಿಂದ ಉದ್ದುದ್ದ ಬಿದಿರಿನ ಕೊಳವೆಗಳು. ಕೆಳಗಿದ್ದ ಚೀಟಿಯನ್ನು ನಾನು ಗಟ್ಟಿಯಾಗಿ ಓದಿದೆ: "ಪುರಾತನ ಊದುವ ವಾದ್ಯ. ನುಡಿಸುವ ಕ್ರಮ ತಿಳಿದಿಲ್ಲ."

ಪಟೇಲರ ಮೀಸೆ ಕುಣಿಯತೊಡಗಿತು. ನೀರು ಕೊಟ್ಟ ಆ ದೊಡ್ಡ ಮನುಷ್ಯರ ಮುಂದೆ ಇವರು ನಕ್ಕುಬಿಟ್ಟರೆ ಹೇಗೆ? "ಸುಮ್ನಿರಿ" ಅಂತ ಪಿಸುಗುಟ್ಟಿದೆ. ಅದು ಯಜಮಾನರ ಕಿವಿಗೇ ಬಿತ್ತು.

"ನಿಮಗೆ ಗೊತ್ತುಂಟಾ? ಗೊತ್ತಿದ್ದರೆ ಹೇಳಿ ಮಾರಾಯ್ರೆ. ಘಟ್ಟದ ಮೇಲಿಂದ ಬಂದ ಸಾಮಾನು, ಇಲ್ಲಿ ಕೇಳುವ ಅಂದರೆ ಜನ ಇಲ್ಲ."

"ಇದು ಕೂರಿಗೆ ಸ್ವಾಮಿ. ಬಿತ್ತನೆ ಮಾಡೋದು" ಅಂದರು ಪಟೇಲರು. ಪಂಚೆ ಎತ್ತಿ ಕಟ್ಟಿ, ಇಲ್ಲದ ಎತ್ತುಗಳನ್ನು ಹೊಡೆಯುತ್ತ ಕಪಾಟುಗಳ ನಡುವೆ ನಡೆದರು. ಅವ್ವ ಬಟ್ಟಲಿಗೆ ಕಾಳು ಬಿಡುವವರಂತೆ ಬೆರಳಾಡಿಸುತ್ತ ಹಿಂದೆ ಹೋದರು. ಕೊಳವೆಯಿಂದ ಕಾಳು ಸಾಲಾಗಿ ಮಣ್ಣಿಗೆ ಬೀಳುವುದು ಯಜಮಾನರಿಗೆ ಕಂಡಂತೆಯೇ ಆಯಿತು.

ಅವರು ಬೇಸರಪಡಲಿಲ್ಲ. ಪಟೇಲರ ಎರಡು ಕೈಯನ್ನೂ ಹಿಡಿದುಕೊಂಡರು. ಹಳೇ ಚೀಟಿ ಕಿತ್ತು, ಹೊಸದನ್ನು ನನ್ನ ಕೈಯಿಂದಲೇ ಬರೆಸಿದರು. ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು. ತಾವು ಓದಿದವರೆಂಬ ಬಿಂಕ ಚೂರೂ ಇಲ್ಲದ ಅಂಥವರನ್ನು ನೋಡಿದ್ದು ನನ್ನ ಪುಣ್ಯ. ಇವತ್ತಿಗೂ ನೆನೆಸಿಕೊಳ್ಳುತ್ತೇನೆ.

ಬಡಿಸುವಾಗ ಯಜಮಾನರು ಮೆಲ್ಲಗೆ ಅಂದರು: "ಹೋದ ವರ್ಷ ಇಬ್ಬರು ವಿದ್ವಾಂಸರು ಬಂದು ಅದನ್ನು ಊದಿ ನೋಡಿದ್ದರು. ನುಡಿಸುವ ಕ್ರಮ ಗೊತ್ತಾದರೆ ಇದರಲ್ಲಿ ಒಳ್ಳೆಯ ರಾಗ ಬರುತ್ತದೆ ಅಂತ ಬರೆದೂ ಕೊಟ್ಟಿದ್ದಾರೆ. ಈಗ ಎಂತ ಮಾಡುವುದು?"

ಪಟೇಲರು ತುತ್ತು ನುಂಗಿ ಸಮಾಧಾನ ಹೇಳಿದರು. "ಅವರೂ ಪೂರಾ ಸುಳ್ಳೇಳಿಲ್ಲ ಬುಡಿ ಸ್ವಾಮಿ. ಬತ್ತದೆ. ರಾಗ ಅಲ್ಲ, ರಾಗಿ."